ಮೂರು ದೇಶಗಳ ಜಲಾಂತರ್ಗಾಮಿ

ನಾವೂ ಇನ್ನೆರಡು ಮಿತ್ರದೇಶಗಳೂ ಸೇರಿ ಅಣುಕ್ಷಿಪಣಿ ಹಾರಿಸುವ ಜಲಾಂತರ್ಗಾಮಿ ಕಟ್ಟಲು ಕೈಜೋಡಿಸಿದೆವು. ಒಂದೇ ಷರತ್ತು: ಯಾರ ಪಾಲಿಗೆ ಯಾವ ಕೆಲಸ ಎಂದು ಇನ್ನೊಬ್ಬರು ಕೇಳಬಾರದು. ಅಷ್ಟು ಗುಟ್ಟು.

ಲೋಕಾರ್ಪಣೆಯ ದಿನ ಬಂದರಿನಲ್ಲಿ ಶಾಮಿಯಾನ, ಬ್ಯಾಂಡು, ಅರಿಸಿನ ಹಚ್ಚಿದ ತೆಂಗಿನಕಾಯಿ ಎಲ್ಲವೂ ಇತ್ತು. ನೀರಿನಲ್ಲಿ ಮಾತ್ರ ಏನೂ ಇರಲಿಲ್ಲ.

ನಮ್ಮ ಅಡ್ಮಿರಲ್ ಪಕ್ಕದಲ್ಲಿದ್ದ ಮಿತ್ರದೇಶದ ಅಡ್ಮಿರಲ್ ಕಿವಿಯಲ್ಲಿ ಕೇಳಿದರು, “ಹಡಗೆಲ್ಲಿ?”

“ನಾವು ಬರೀ ನಕ್ಷೆ ಬರೆದಿದ್ದು. ಕಟ್ಟಿದ್ದು ನೀವಲ್ವಾ?”

“ಅಯ್ಯೋ, ನಮ್ಮದು ಕ್ಷಿಪಣಿ ಮಾತ್ರ. ಇವರು ಕಟ್ತಾರೆ ಅಂದ್ಕೊಂಡಿದ್ವಿ.”

ಮೂರನೆಯ ದೇಶದ ಅಡ್ಮಿರಲ್ ಬೆವರು ಒರೆಸಿಕೊಂಡರು. “ನಾವು ಒಪ್ಪಿದ್ದು ಬಣ್ಣ ಬಳಿಯೋದಕ್ಕೆ.”

ಅಷ್ಟರಲ್ಲಿ ಮಂತ್ರಿಗಳು ಬಂದೇಬಿಟ್ಟರು. “ಏನ್ರೀ, ಹಡಗೇ ಕಾಣ್ತಿಲ್ಲ?”

“ಮುಳುಗಿದೆ ಸಾರ್,” ಎಂದರು ನಮ್ಮ ಅಡ್ಮಿರಲ್. “ಕಣ್ಣಿಗೆ ಬಿದ್ರೆ ಅದೆಂಥ ಜಲಾಂತರ್ಗಾಮಿ?”

“ಭೇಷ್!” ಮಂತ್ರಿಗಳು ಕಾಯಿ ಒಡೆದರು. “ನಾಳೆ ಮೇಲಕ್ಕೆ ತರಿಸಿ. ನಾನೇ ಒಳಗೆ ಕೂತು ಒಂದು ಸುತ್ತು ಬರ್ತೀನಿ.”

ಮೂವರು ಅಡ್ಮಿರಲ್‌ಗಳಿಗೂ ಊಟ ಸೇರಲಿಲ್ಲ. ರಾಜೀನಾಮೆ ಹೇಗೆ ಬರೆಯುವುದೆಂದು ಯೋಚಿಸುತ್ತ ಟಿವಿ ಮುಂದೆ ಕೂತರು.

ಸಂಜೆಯ ವಾರ್ತೆಯಲ್ಲಿ ಶತ್ರುದೇಶದ ಸೇನಾಧಿಪತಿ ಎದೆಯುಬ್ಬಿಸಿ ಹೇಳುತ್ತಿದ್ದ: “ನಮ್ಮ ಕಡಲಿಗೆ ನುಗ್ಗಿದ ಆ ಜಲಾಂತರ್ಗಾಮಿಯನ್ನು ಇವತ್ತು ಮಧ್ಯಾಹ್ನ ಹೊಡೆದು ಮುಳುಗಿಸಿದ್ದೇವೆ.”