ರೂಪಾಲಿ ಹಾರಿಸಿದ್ದು ರಾಕೆಟ್, ಮಿಸೈಲ್ ಅಲ್ಲ

ಗೋಕಾಕ ತಾಲ್ಲೂಕಿನ ಒಂದು ಹೈಸ್ಕೂಲು. ಅಂದು ಅಲ್ಲಿ ವಿಜ್ಞಾನ ಪ್ರದರ್ಶನ...

ಒಂಬತ್ತನೇ ಕ್ಲಾಸಿನ ರೂಪಾಲಿ ನೀರಿನ ರಾಕೆಟ್ ಮಾಡಿದ್ದಳು. ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಲ್ಪ ನೀರು, ಸೈಕಲ್ ಪಂಪಿನಿಂದ ತುಂಬಿದ ಗಾಳಿ. ಕ್ಲಿಪ್ ಬಿಟ್ಟರೆ ಸಾಕು, ಸುಂಯ್ ಎಂದು ಮೇಲಕ್ಕೆ!

ಅದರ ತುದಿಗೆ ಕಾಗದದ ಒಂದು ಪುಟ್ಟ ಉಪಗ್ರಹ ಕೂರಿಸಿದ್ದಳು. ಮೋಡ ನೋಡಿ ಮಳೆಯ ಸುದ್ದಿ ಕಳಿಸುವ ಉಪಗ್ರಹವಂತೆ ಅದು.

ಅವಳ ಅಪ್ಪ ಲಗಮಪ್ಪ ಮಾಜಿ ಸೈನಿಕರು. ಮಿಸೈಲ್ ದಳದಲ್ಲಿದ್ದವರು. ಮಿಸೈಲುಗಳ ಸದ್ದಿಗೆ ಎರಡೂ ಕಿವಿ ಮಂದವಾಗಿದ್ದವು. ಕೂಗಿ ಹೇಳಿದರೆ ಮಾತ್ರ ಕೇಳುತ್ತಿತ್ತು. ಅಂದು ಅವರೂ ಬಂದು ಜನರ ನಡುವೆ ಕೂತಿದ್ದರು.

ಇನ್ನೇನು ರೂಪಾಲಿಯ ಸರದಿ ಬರಬೇಕು... ಆಡಳಿತ ಮಂಡಳಿಯ ಅಧ್ಯಕ್ಷರು ಅವಳನ್ನು ಪಕ್ಕಕ್ಕೆ ಕರೆದರು.

"ತಂಗಿ, ಚಂದ ಮಾಡೀದಿ. ಆದ್ರ ಇದನ್ನ ಮಿಸೈಲ್ ಅಂತ ಹೇಳು. ತುದಿಗೆ ಕೆಂಪು ಬಣ್ಣ ಹಚ್ಚು. ಟಿವಿಯವರು ಬಂದಾರ."

ಮೈದಾನದ ಆಚೆ ತುದಿಗೆ ಕೈ ತೋರಿಸಿದರು. ಅಲ್ಲಿ ರಟ್ಟಿನ ಒಂದು ಊರು ಮಾಡಿ ಇಡಿಸಿದ್ದರು. ಪಕ್ಕದಲ್ಲೇ ಬೋರ್ಡು... 'ಶತ್ರುಗಳ ಊರು'.

"ಸೀದಾ ಅದರ ಮ್ಯಾಲೆ ಬೀಳಬೇಕು ನೋಡು. ಜನ ಎದ್ದು ನಿಂತು ಚಪ್ಪಾಳಿ ಹೊಡಿತಾರ. ಫಸ್ಟ್ ಪ್ರೈಜ್ ನಿನಗ!"

ರೂಪಾಲಿ ಆ ಊರನ್ನು ನೋಡಿದಳು. ಮನೆಗಳಿಗೆ ಪೆನ್ಸಿಲ್ಲಿನಲ್ಲಿ ಕಿಟಕಿ ಬರೆದಿದ್ದರು. ಒಂದು ಮನೆಯ ಮುಂದೆ ದಾರ ಕಟ್ಟಿ, ಚಿಂದಿಯಲ್ಲಿ ಕತ್ತರಿಸಿದ ಪುಟ್ಟ ಅಂಗಿಯೊಂದನ್ನು ಒಣಹಾಕಿದ್ದರು...

"ಇದು ರಾಕೆಟ್ ಐತ್ರಿ ಸರ್. ಮಿಸೈಲ್ ಅಲ್ಲ."

"ಎರಡೂ ಒಂದಽ ತಗೋ. ಎರಡೂ ಹಾರ್ತಾವ."

"ಹಾರೂದು ಒಂದಽ ರೀತಿ ಇರಬಹುದ್ರಿ. ರಾಕೆಟ್ ಅಂದ್ರ ಹೊತ್ಕೊಂಡು ಹೋಗೂ ಗಾಡಿ. ಅದರ ತಲಿಗೆ ಬಾಂಬ್ ಇಟ್ಟು, ಇಲ್ಲೇ ಹೋಗಿ ಬೀಳಬೇಕಂತ ಗುರಿ ಹಚ್ಚಿ ಬಿಟ್ರ ಅದು ಮಿಸೈಲ್. ನಾ ಇಟ್ಟಿದ್ದು ಉಪಗ್ರಹ."

ಅಧ್ಯಕ್ಷರ ಮುಖ ಬಿಗಿಯಿತು.

"ಸೈನಿಕನ ಮಗಳಾಗಿ ಹಿಂಗ ಮಾತಾಡ್ತಿ? ಹೇಳಿದಷ್ಟು ಮಾಡು. ಇಲ್ಲಂದ್ರ ನಿನ್ನ ಹೆಸರು ತಗಸ್ತೀನಿ."

ಹುಡುಗಿಯ ಕಣ್ಣು ತುಂಬಿ ಬಂದವು. ಆದರೆ ದನಿ ನಡುಗಲಿಲ್ಲ.

"ತಗಸ್ರಿ ಸರ್. ನಾ ಒಲ್ಲೆ."

ಮಗಳು ಕಣ್ಣೊರೆಸಿಕೊಂಡದ್ದು ಕಂಡು ಲಗಮಪ್ಪ ಎದ್ದು ಬಂದರು. "ಯಾಕವ್ವಾ? ಏನಾತು?"

"ಏನಿಲ್ರಿ, ಏನಿಲ್ಲ..." ಎಂದರು ಅಧ್ಯಕ್ಷರು. ಲಗಮಪ್ಪನವರಿಗೆ ಅದು ಕೇಳಿಸಲಿಲ್ಲ. ಅವರು ಮಗಳ ಮುಖವನ್ನೇ ನೋಡುತ್ತಿದ್ದರು.

ರೂಪಾಲಿ ಕೂಗಿ ಹೇಳಲೇಬೇಕಾಯಿತು. ಇಡೀ ಮೈದಾನಕ್ಕೆ ಕೇಳಿಸುವಂತೆ...

"ಅಪ್ಪಾ! ನನ್ನ ರಾಕೆಟ್ಟಿಗೆ ಮಿಸೈಲ್ ಅನ್ನಬೇಕಂತ! ಆ ಮನಿಗೋಳ ಮ್ಯಾಲೆ ಕೆಡವಬೇಕಂತ! ಇಲ್ಲಂದ್ರ ಹೆಸರು ತಗಸ್ತಾರಂತ! ನಾ ಒಲ್ಲೆ ಅಂದೀನಿ!"

ಎಲ್ಲರೂ ಇತ್ತ ತಿರುಗಿದರು.

ರೂಪಾಲಿ ಅಪ್ಪನ ಮುಖ ನೋಡಿದಳು. ಮಿಸೈಲ್ ದಳದ ಬ್ಯಾಡ್ಜನ್ನು ಇವತ್ತಿಗೂ ಒರೆಸಿ ಒರೆಸಿ ಇಡುವ ಅಪ್ಪ. ಬೈದುಬಿಟ್ಟರೆ?

ಲಗಮಪ್ಪ ಅಧ್ಯಕ್ಷರತ್ತ ತಿರುಗಿದರು. ಕಿವಿ ಕೇಳದವರ ಆ ಗಟ್ಟಿ ದನಿಗೆ ಮೈಕ್ ಬೇಕಾಗಲಿಲ್ಲ.

"ನನ್ನ ಹರೇದ ದಿನಾ ಎಲ್ಲಾ ಮಿಸೈಲ್ ಹತ್ರ ನಿಂತು ಕಳದೀನ್ರಿ. ಅದಕ್ಕ ನನಗ ನಾಚಿಕಿಲ್ಲ. ದೇಶ ಕಾಯಾಕ ಅದೂ ಬೇಕು. ಆದ್ರ ಅದನ್ನ ಬಿಡುವಾಗ ನಮ್ಮೊಳಗ ಒಬ್ಬನೂ ಚಪ್ಪಾಳಿ ಹೊಡದಿಲ್ಲ..."

ಆ ಗಟ್ಟಿ ದನಿ ಒಡೆಯಿತು.

"ಊರಾಗ ನಮ್ಮ ಮಕ್ಕಳು ಆರಾಮ ಕುಂತು ಇಂಥಾ ರಾಕೆಟ್ ಮಾಡ್ಲಿ ಅಂತ ನಾವು ಅಲ್ಲಿ ನಿಂತಿದ್ವಿ. ಅದನ್ನೂ ನೀವು ಮಿಸೈಲ್ ಮಾಡಸ್ತೀರಂದ್ರ, ನಾ ಇಷ್ಟು ದಿನ ಯಾರ ಸಲುವಾಗಿ ದೇಶ ಕಾದೆ? ಹೇಳ್ರಿ!"

ಟಿವಿಯವನು ಕ್ಯಾಮೆರಾ ಕೆಳಗಿಳಿಸಿ ಕಣ್ಣೊರೆಸಿಕೊಂಡ.

ಲಗಮಪ್ಪ ಮಗಳ ಬೆನ್ನು ತಟ್ಟಿದರು. "ಹಾರಸವ್ವಾ. ಯಾರನ್ನೂ ಕೇಳಬ್ಯಾಡ."

ರೂಪಾಲಿ ಕೇಳಲೂ ಇಲ್ಲ. ಸ್ಟ್ಯಾಂಡನ್ನು ನೆಟ್ಟಗೆ ಆಕಾಶಕ್ಕೆ ತಿರುಗಿಸಿದಳು. ಅಪ್ಪ ಪಂಪು ಹೊಡೆದರು. ಮಗಳು ಕ್ಲಿಪ್ ಬಿಟ್ಟಳು...

ರಾಕೆಟ್ಟು ಶಾಲೆಯ ಧ್ವಜಸ್ತಂಭ ದಾಟಿ ಮೇಲೆ ಹೋಯಿತು! ಹಾರಿದ ನೀರಿಗೆ ಮುಂದಿನ ಸಾಲಿನವರೆಲ್ಲ ತೊಯ್ದರು. ಅಧ್ಯಕ್ಷರ ಇಸ್ತ್ರಿಯ ಅಂಗಿಯೂ ತೊಯ್ದಿತು. ಮಕ್ಕಳ ಕೇಕೆಗೆ ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ನೋಡಿದರು.

ಸಂಜೆ ಬಹುಮಾನ ಹಂಚುವಾಗ ರೂಪಾಲಿಯ ಹೆಸರು ಬರಲಿಲ್ಲ. ಅಧ್ಯಕ್ಷರು ತಮ್ಮ ಮಾತು ಬಿಡಲಿಲ್ಲ... ಅವಳೂ ಬಿಡಲಿಲ್ಲ.

ಸಂತೆಯ ನಡುವೆ ಬಸ್ ಸ್ಟ್ಯಾಂಡಿಗೆ ನಡೆಯುತ್ತಾ ಲಗಮಪ್ಪ ಕೇಳಿದರು: "ಮುಂದಿನ ವರ್ಷ ಇನ್ನೂ ಮ್ಯಾಲೆ ಹೋಗೂದೇನವ್ವಾ?"

ಸಂತೆಯ ಜನವೆಲ್ಲ ತಿರುಗಿ ನೋಡುವಂತೆ ರೂಪಾಲಿ ಕೂಗಿದಳು:

"ಹೋಗತೈತಿ ಅಪ್ಪಾ!"

...

*ನಿಮ್ಮ ಶಕ್ತಿಯ ತುದಿಯಲ್ಲಿ ಏನಿರಬೇಕು ಎಂದು ತೀರ್ಮಾನಿಸುವ ಹಕ್ಕು ನಿಮ್ಮದು... ಅದನ್ನು ಯಾರ ಚಪ್ಪಾಳೆಗೂ ಮಾರಬೇಡಿ.*

ನಾಳೆ ಯಾರಾದರೂ ಬಹುಮಾನದ ಆಸೆ ತೋರಿಸಿ, ನಿಮ್ಮ ರಾಕೆಟ್ಟನ್ನು ಮಿಸೈಲ್ ಮಾಡಿ ಎಂದರೆ... ನೀವು ಏನು ಹೇಳುತ್ತೀರಿ?