ಎಟಕುವಷ್ಟು ಜಾಗ

ಹರಿತಾ ಬಣ್ಣದ ಪೆನ್ಸಿಲ್ಲುಗಳನ್ನು ಡಬ್ಬಿಗೆ ತುಂಬಿ, ಡಬ್ಬಿಯನ್ನು ಬ್ಯಾಗಿಗೆ ಹಾಕಿ, ಜಿಪ್ ಎಳೆದಳು. ಪಕ್ಕದಲ್ಲೇ ಹೊಸ ಪ್ಲಾಸ್ಟಿಕ್ ಕಪಾಟು ಖಾಲಿ ನಿಂತಿತ್ತು. ಅದರ ಬಾಗಿಲ ಮೇಲಿನ ಕರಡಿಮರಿ ಸುಮ್ಮನೆ ನಗುತ್ತಿತ್ತು.

"ಅದರಲ್ಲಿಕ್ಕಮ್ಮ. ನಿಂಗೇ ಅಂತ ತಂದಿದ್ದು," ಅಂದಳು ತನುಜ.

"ಬೇಡ ಚಿಕ್ಕಮ್ಮ. ಬ್ಯಾಗಲ್ಲೇ ಇರ್ಲಿ."

ತನುಜ ರಮೇಶ್‌ಬಾಬುವನ್ನು ಮದುವೆಯಾಗಿ ದಿಬ್ಬೂರಹಳ್ಳಿಗೆ ಬಂದು ಎರಡು ತಿಂಗಳಾಗಿತ್ತು. ತಾಯಿ ತೀರಿಕೊಂಡಾಗಿನಿಂದ ಮಂಚೇನಹಳ್ಳಿಯ ಅಜ್ಜಿಯ ಮನೆಯಲ್ಲಿದ್ದ ಅವನ ಏಳು ವರ್ಷದ ಮಗಳು ಹರಿತಾಳೂ ಅದೇ ಹೊತ್ತಿಗೆ ಬಂದಿದ್ದಳು. ಮಾತಾಡುತ್ತಿದ್ದಳು, ಹಾಕಿದ್ದನ್ನು ಉಣ್ಣುತ್ತಿದ್ದಳು. ಆದರೆ ಆಟ ಮುಗಿದೊಡನೆ ಎಲ್ಲವೂ ಬ್ಯಾಗಿಗೆ ವಾಪಸು. ಬಸ್ಸಿಗೆ ಕಾಯುವವರ ಹಾಗೆ ಅದನ್ನು ಮಗ್ಗುಲಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು. ಈ ಮಗು ಇಲ್ಲಿ ಇರಲು ಬಂದಿದೆಯೋ, ಹೋಗಲು ಬಂದಿದೆಯೋ, ತನುಜಳಿಗೆ ತಿಳಿಯುತ್ತಿರಲಿಲ್ಲ.

"ನಮ್ಮನೇಲಿ ಯಾರೂ ಕದಿಯಲ್ಲ ಕಣೇ," ಅನ್ನುತ್ತಿದ್ದರು ಅತ್ತೆ ಶ್ಯಾಮಲಮ್ಮ. "ಕದ್ದರೂ ನಿನ್ನ ಬಾಲ ಇಲ್ಲದ ಆಟದ ಕುದುರೆ ಯಾರಿಗೆ ಬೇಕು?"

ತನುಜ ಹಳೆಯ ಸೀರೆ ಹರಿದು ಜೇಬುಗಳನ್ನು ಹೊಲಿದು ಬಾಗಿಲ ಹಿಂದೆ ತೂಗುಹಾಕಿದಳು. ಎಣ್ಣೆ ಡಬ್ಬಗಳನ್ನು ಕತ್ತರಿಸಿ ಬಣ್ಣ ಬಳಿದಳು. ಹರಿತಾ ಎಲ್ಲವನ್ನೂ ನೋಡಿ "ಚೆನ್ನಾಗೈತೆ" ಅಂದಳು. ಆಮೇಲೆ ಜಿಪ್ಪಿನ ಸದ್ದು.

ಭಾನುವಾರ ಅಟ್ಟದಿಂದ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಇಳಿದವು. "ಪ್ಲಾಸ್ಟಿಕ್ಕಿಂದು ಬಂದ್ಮೇಲೆ ಇದನ್ಯಾರು ಕೇಳ್ತಾರೆ, ನೀರೊಲೆಗೆ ಹಾಕು," ಅಂದರು ಶ್ಯಾಮಲಮ್ಮ. ತನುಜ ಒಂದನ್ನು ಉಳಿಸಿಕೊಂಡಳು. ತೊಳೆದು, ಬಿಸಿಲಿಗೆ ಒಣಗಿಸಿ, ಹರಿತಾಳ ಕೋಣೆಯ ಗೋಡೆಗೆ ಕಟ್ಟಿ ನಿಲ್ಲಿಸಿದಳು. ಆಳೆತ್ತರದ ಚಾಪೆ, ಅದರ ಮೇಲೆ ಅಂಚಿನಿಂದ ನಡುವಿನವರೆಗೆ ಸುತ್ತುಸುತ್ತಾಗಿ ಎದ್ದು ನಿಂತ ಬಿದಿರಿನ ಪಟ್ಟಿ. ಇದರಲ್ಲಿಕ್ಕು ಅನ್ನದೆ ಹೊರಗೆ ಬಂದು, ಕೋಣೆಯ ಬಾಗಿಲ ಬಳಿ ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತಾ ಕುಳಿತಳು.

ಹರಿತಾ ಮೊದಲು ಪಟ್ಟಿಯ ದಾರಿ ಹಿಡಿದು ಬೆರಳು ಓಡಿಸಿದಳು. ಆಮೇಲೆ ಕುದುರೆಯನ್ನು ತಂದು ಎರಡು ಸುತ್ತುಗಳ ನಡುವೆ ಸಿಕ್ಕಿಸಿದಳು. ಅದು ಬೀಳಲಿಲ್ಲ.

"ಇದಕ್ಕೆ ಬಾಗಿಲಿಲ್ವಾ ಚಿಕ್ಕಮ್ಮ?"

"ಇಲ್ಲ ಕಣಮ್ಮ."

"ಹಂಗಾದ್ರೆ ಮಲಗಿದ್ರೂ ಎಲ್ಲಾ ಕಾಣ್ಸುತ್ತೆ."

ಪೆನ್ಸಿಲ್ಲುಗಳು ಬಂದವು, ರಿಬ್ಬನ್ ಬಂತು, ಮಂಚೇನಹಳ್ಳಿಯ ಅಜ್ಜಿ ಕೊಟ್ಟ ಪುಟ್ಟ ಕನ್ನಡಿ ಬಂತು. ತನುಜ ತಲೆಯೆತ್ತಲಿಲ್ಲ. ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕುತ್ತಿದ್ದಳು.

"ಹುಳ ಬಿಡೋ ಕಡೆ ಕುದುರೆ ಬಿಟ್ಟವ್ಳೆ," ಅಂದರು ಶ್ಯಾಮಲಮ್ಮ. "ಗೂಡು ಕಟ್ಟುತ್ತಾ ನೋಡಣ."

ಸಂಜೆಯ ಹೊತ್ತಿಗೆ ಬ್ಯಾಗು ಚಪ್ಪಟೆಯಾಗಿ ನೆಲದ ಮೇಲೆ ಬಿದ್ದಿತ್ತು. ಚಂದ್ರಿಕೆಯ ಕೆಳಗಿನ ಅರ್ಧ ಬಣ್ಣಬಣ್ಣವಾಗಿತ್ತು, ಮೇಲಿನ ಅರ್ಧ ಬೋಳು.

"ಸ್ಟೂಲ್ ಕೊಡ್ಲಾ? ಮೇಲೂ ಇಕ್ಕುವಂತೆ," ಅಂದಳು ತನುಜ.

"ಬೇಡ. ನಂಗೆ ಎಟಕೋಷ್ಟು ನಂದು. ಮೇಲಿಂದು ನಿಂದು."

"ನಂಗ್ಯಾತಕ್ಕಮ್ಮ?"

"ನಿಂದೆಲ್ಲಾ ಇನ್ನೂ ಸೂಟ್‌ಕೇಸಲ್ಲೇ ಐತಲ್ಲ, ಮಂಚದ ಕೆಳಗೆ. ನಾನು ನೋಡಿದೀನಿ."

ಶ್ಯಾಮಲಮ್ಮನ ಕೈ ಅವರೆಕಾಯಿಯ ಮೇಲೆ ನಿಂತಿತು. ಬೀರುವಿನಲ್ಲಿ ಇನ್ನೂ ಹರಿತಾಳ ತಾಯಿಯ ಸೀರೆಗಳೇ ಇದ್ದವು. ಜಾಗ ಮಾಡಿಕೊಡಿ ಎಂದು ತನುಜ ಯಾರನ್ನೂ ಕೇಳಿರಲಿಲ್ಲ.

"ಹೋಗು, ತಗೊಂಡ್ ಬಾ," ಅಂದರು ಅವರು, ಸೊಸೆಯ ಮುಖ ನೋಡದೆ. "ಸೀರೆಗೆ ನಾಳೆ ಬೀರು ನೋಡಣ."

ತನುಜ ಸೂಟ್‌ಕೇಸನ್ನು ಎಳೆದು ತಂದಳು. ಬಳೆ, ಬಾಚಣಿಗೆ, ಕ್ಲಿಪ್ಪು, ಅರ್ಧ ಮುಗಿದ ಕ್ರೋಷಾ ಹೂವು. ಹರಿತಾ ಕೆಳಗಿನಿಂದ ಒಂದೊಂದಾಗಿ ಎತ್ತಿ ಕೊಟ್ಟಳು, ತನುಜ ಮೇಲೆ ಸಿಕ್ಕಿಸುತ್ತಾ ಹೋದಳು. ಸೀರೆಗಳನ್ನು ಬಿಟ್ಟರೆ ಸೂಟ್‌ಕೇಸ್ ಬೇಗನೆ ಬರಿದಾಯಿತು.

ಹರಿತಾ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ಮೇಲಿಂದ ಕೆಳಗಿನವರೆಗೂ ನೋಡಿದಳು.

"ನೀನು ಬಲೇ ಕಮ್ಮಿ ತಂದಿದೀಯ ಚಿಕ್ಕಮ್ಮ," ಅಂದಳು. "ಯಾರಾದ್ರೂ ನೋಡಿದ್ರೆ ನಾಕು ದಿನ ಇದ್ದು ಹೋಗೋಕೆ ಬಂದವ್ಳೆ ಅಂದ್ಕೋತಾರೆ."