ತಲೆದಿಂಬು

ಶನಿವಾರ ರೋಗಿಯ ಗದ್ದಕ್ಕೂ ಎದೆಗೂ ನಡುವೆ ಅವಳ ಇಡೀ ಅಂಗೈ ಹಿಡಿದಿತ್ತು. ಸೋಮವಾರ ಬಂದು ಕೈಯಿಟ್ಟು ನೋಡಿದರೆ ಕಿರುಬೆರಳಿಗೆ ಜಾಗವಿಲ್ಲ. ಸುಟ್ಟಗಾಯದ ವಾರ್ಡಿನಲ್ಲಿ ಎಲ್ಲರೂ ‘ಎಕ್ಸರ್‌ಸೈಜ್ ಮೇಡಂ’ ಎಂದು ಕರೆಯುವ ಫಿಸಿಯೋಥೆರಪಿಸ್ಟ್ ಮತ್ತೊಮ್ಮೆ ಕೈಯಿಟ್ಟು ನೋಡಿದಳು.

ಮಂಚದ ಮೇಲಿದ್ದವನು ಪೇಂಟರ್. ಬಣ್ಣಕ್ಕೆ ಬೆರೆಸುವ ಥಿನ್ನರ್ ಡಬ್ಬಕ್ಕೆ ಬೆಂಕಿ ತಗುಲಿ ಅವನ ಕತ್ತಿನ ಮುಂಭಾಗ ಪೂರ್ತಿ ಸುಟ್ಟಿತ್ತು. ತೊಡೆಯಿಂದ ತೆಗೆದು ಕಸಿ ಮಾಡಿದ ಚರ್ಮ ಚೆನ್ನಾಗಿಯೇ ಹಿಡಿದುಕೊಂಡಿತ್ತು. ಅವಳು ಬ್ಯಾಂಡೇಜನ್ನು ನೆನೆಸಿ, ಎಳೆಯದೆ ಬಿಡಿಸಿ ನೋಡಿದಳು. ಕೀವಿಲ್ಲ, ವಾಸನೆಯಿಲ್ಲ. ಎಲ್ಲ ಸರಿಯಿದ್ದೂ ಗದ್ದ ಕೆಳಗಿಳಿಯುತ್ತಿದೆ ಎಂದರೆ ಎಲ್ಲೋ ಕಳ್ಳಾಟ ನಡೆದಿದೆ. ಅವನ ತಲೆಯ ಹಿಂಭಾಗ ನೋಡಿದಳು. ಕೂದಲಲ್ಲಿ ಹತ್ತಿಯ ಎಳೆ. ಪಕ್ಕದ ಸ್ಟೂಲಿನ ಮೇಲೆ ಅವನ ಅಕ್ಕ, ಎಂದಿಗಿಂತ ಒಂದು ಗೇಣು ಎತ್ತರವಾಗಿ ಕುಳಿತು, ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಕಿಟಕಿಯ ಕಡೆ ಮುಖ ಮಾಡಿದ್ದಳು.

“ಅಕ್ಕಾ, ಸ್ವಲ್ಪ ಎದ್ದೇಳಿ.”

“ಯಾಕೆ? ಕಾಲು ನೋಯ್ತಿದೆ ನಂಗೆ.”

“ಎದ್ದೇಳಿ ಅಂದೆ.”

ಅಕ್ಕ ಎದ್ದಳು. ಸ್ಟೂಲಿನ ಮೇಲೆ ಹೊಸ ದಿಂಬು, ಕೈಯಲ್ಲಿ ಹೊಲಿದದ್ದು, ಅಂಚಿಗೆ ಹೂವಿನ ಕಸೂತಿ ಬೇರೆ.

“ಅಕ್ಕನ್ನ ಬೈಬೇಡಿ ಮೇಡಂ, ಕೇಳಿದ್ದು ನಾನೇ,” ಎಂದ ಪೇಂಟರ್.

“ನೀನು ಸುಮ್ನಿರೋ,” ಎಂದಳು ಅಕ್ಕ. “ರಾತ್ರಿಯೆಲ್ಲ ಒದ್ದಾಡ್ತಾನೆ ಮೇಡಂ. ಇದಿಟ್ಟ ಮೇಲೆ ಮಗು ಥರ ನಿದ್ದೆ ಮಾಡ್ದ. ಒಂದು ದಿಂಬಿಗೂ ಗತಿಯಿಲ್ವಾ ನನ್ನ ತಮ್ಮಂಗೆ?”

“ಹೊಸ ಚರ್ಮ ಅಕ್ಕಾ, ಎಳೇದು. ಹೇಗೆ ಮಡಚಿಟ್ರೆ ಹಾಗೇ ಬಲಿಯುತ್ತೆ. ಕತ್ತು ಬಗ್ಗಿಸಿ ಮಲಗಿದ್ರೆ ಹಿತವಾಗೇ ಇರುತ್ತೆ, ಆದ್ರೆ ಗದ್ದ ಎದೆಗೆ ಅಂಟ್ಕೊಂಡ್ಬಿಡುತ್ತೆ. ತಲೆ ಎತ್ತಕ್ಕಾಗದ ಪೇಂಟರ್‌ಗೆ ಯಾರು ಕೆಲ್ಸ ಕೊಡ್ತಾರೆ?”

“ನಿಮಗೇನು, ಬಂದು ಎಳೆದು, ಅಳಿಸಿ ಹೋಗ್ತೀರ. ರಾತ್ರಿ ಕೂತು ಕೇಳೋಳು ನಾನು. ಕರುಳಿದ್ದೋರು ಮಾಡೋ ಕೆಲ್ಸಾನಾ ಇದು?”

ಮಾತು ಮೇಡಂಗೆ ನಾಟಿತು. ಮನೆಗೆ ಹೋಗಿ ಊಟಕ್ಕೆ ಕುಳಿತರೂ ಈ ವಾರ್ಡಿನ ನರಳಾಟ ತನ್ನ ಕಿವಿ ಬಿಡುವುದಿಲ್ಲ ಎಂದು ಹೇಳಬೇಕೆನಿಸಿತು. ಬದಲಿಗೆ ದಿಂಬನ್ನು ಎತ್ತಿಕೊಂಡಳು. ಕಸದ ಬುಟ್ಟಿಗೇ ಹೋಗುತ್ತದೆಂದು ಅಕ್ಕ ಅಡ್ಡ ಬಂದಳು. ಆದರೆ ಮೇಡಂ ಅದನ್ನು ಬಿಗಿಯಾಗಿ ಸುರುಳಿ ಸುತ್ತಿ, ಮೇಲೆ ಒಗೆದ ಬಟ್ಟೆ ಹೊದಿಸಿ, ಪೇಂಟರ್‌ನ ಭುಜಗಳ ಕೆಳಗೆ ತೂರಿಸಿದಳು.

“ತಲೆ ಕೆಳಗಿದ್ರೆ ಇದು ಶತ್ರು. ಭುಜದ ಕೆಳಗಿದ್ರೆ ಇದೇ ಮದ್ದು. ಬನ್ನಿ, ತಲೆ ನೀವು ಹಿಡ್ಕೊಳ್ಳಿ. ನಿಧಾನಕ್ಕೆ ಹಿಂದಕ್ಕೆ ಇಳಿಸಿ.”

“ನಾನಾ? ನನ್ನ ಕೈಲಾಗಲ್ಲಮ್ಮಾ!”

“ರಾತ್ರಿ ಅವ್ರ ಹತ್ರ ಇರೋದು ನೀವು, ನಾನಲ್ಲ. ನಿಮ್ಮ ಕೈಲೇ ಆಗ್ಬೇಕು.”

ಅಕ್ಕ ತಮ್ಮನ ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದಳು. ತಲೆ ಹಿಂದಕ್ಕೆ ಜಾರಿದಂತೆ ಹೊಸ ಚರ್ಮ ಬಿಗಿದು ಬೆಳ್ಳಗಾಯಿತು. ಹಲ್ಲು ಕಚ್ಚಿಕೊಂಡಿದ್ದ ಪೇಂಟರ್ ಕಡೆಗೆ ಕಿರುಚಿಯೇಬಿಟ್ಟ.

“ಬಿಟ್ಬಿಡ್ಲಾ ಮೇಡಂ?”

“ಬಿಡ್ಬೇಡಿ. ಎಳೀಬೇಡಿ, ಅಲ್ಲೇ ಹಿಡ್ಕೊಂಡಿರಿ. ಆ ಬಿಳುಪು ಇಳೀಲಿ.”

ಅಕ್ಕನ ಕಣ್ಣೀರು ಅವನ ಹಣೆಯ ಮೇಲೆ ಬಿತ್ತು. ಕೈ ಮಾತ್ರ ಸಡಿಲಲಿಲ್ಲ. ಬಿಳುಪು ಮೆಲ್ಲಗೆ ಕೆಂಪಿಗೆ ತಿರುಗಿತು, ಕಿರುಚಾಟ ನರಳಾಟವಾಗಿ ಆಮೇಲೆ ಅದೂ ನಿಂತಿತು. ಮೇಡಂ ಗದ್ದದ ಕೆಳಗೆ ಅಂಗೈ ಇಟ್ಟು ನೋಡಿದಳು. ಕಿರುಬೆರಳು ಇನ್ನೂ ಅರ್ಧ ಹೊರಗಿತ್ತು.

ಪೇಂಟರ್‌ನ ಕಣ್ಣು ಮಂಚದ ಹಿಂದಿನ ಗೋಡೆಯುದ್ದಕ್ಕೂ ಹತ್ತಿ, ಅದು ಚಾವಣಿಯನ್ನು ಸೇರುವ ಮೂಲೆಯಲ್ಲಿ ನಿಂತಿತು. ಅವನು ಹುಬ್ಬು ಗಂಟಿಕ್ಕಿದ.

“ಅಕ್ಕಾ, ಯಾವನೋ ಸೋಮಾರಿ ಈ ಮೂಲೆಗೆ ಬ್ರಷ್ಷೇ ತಾಗಿಸಿಲ್ಲ,” ಎಂದ. “ಇನ್ನೊಂಚೂರು ಹಿಂದಕ್ಕೆ ಬಗ್ಗಿಸು, ಪೂರ್ತಿ ನೋಡ್ಬೇಕು.”